ಥೈರಾಯ್ಡ್ ಒಮ್ಮೆ ಕಡಿಮೆ, ಒಮ್ಮೆ ಜಾಸ್ತಿ ಬರುವುದು ಯಾಕೆ?

ಚಿತ್ರದುರ್ಗದಲ್ಲಿ ಟಿಎಸ್‌ಎಚ್ 38 ಬಂದು ಹಾರ್ಮೋನಿನ ಕೊರತೆ ತುಂಬುವ ಥೈರಾಕ್ಸಿನ್ ಮಾತ್ರೆ ಶುರುವಾಯಿತು, ನಾಲ್ಕು ತಿಂಗಳ ಮೇಲೆ ದಾವಣಗೆರೆಯಲ್ಲಿ 0.01, ಲ್ಯಾಬಿನ ತಪ್ಪೇ ಎಂದು ಕೇಳಿದ್ದೀರಿ. ಟಿಎಸ್‌ಎಚ್ ಎಂದರೆ ಥೈರಾಯ್ಡನ್ನು ದುಡಿಸುವ ಹಾರ್ಮೋನು: ಥೈರಾಯ್ಡ್ ಕಡಿಮೆಯಾದರೆ ಅದು ಏರುತ್ತದೆ, ಜಾಸ್ತಿಯಾದರೆ ಇಳಿಯುತ್ತದೆ. ಲ್ಯಾಬ್ ಬದಲಾದ ಮಾತ್ರಕ್ಕೆ ಇಷ್ಟು ಅಂತರ ಬರುವುದಿಲ್ಲ. ಆದರೆ ಕೂದಲಿಗೆಂದು ಬಯೋಟಿನ್ ವಿಟಮಿನ್ ನುಂಗುತ್ತಿದ್ದರೆ ರಿಪೋರ್ಟೇ ಸುಳ್ಳು ಹೇಳಬಹುದು. ಅದನ್ನು ಎರಡು ದಿನ ನಿಲ್ಲಿಸಿ ಮತ್ತೆ ಪರೀಕ್ಷೆಗೆ ರಕ್ತ ಕೊಡಿ.

ಥೈರಾಕ್ಸಿನ್ ಡೋಸ್ ಹೆಚ್ಚಾಗಿದ್ದರೂ ಹೀಗಾಗುತ್ತದೆ. ಅದೂ ಅಲ್ಲವಾದರೆ ಎರಡು ಸಾಧ್ಯತೆ. ಹಾಶಿಮೋಟೊದಲ್ಲಿ (ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಮೇಲೆ ಬೀಳುವ ಕಾಯಿಲೆ) ಉರಿಯೂತದಿಂದ ಗ್ರಂಥಿ ಒಡೆದು, ಕೂಡಿಟ್ಟ ಹಾರ್ಮೋನು ಸೋರುತ್ತದೆ. ಇದು ಕೆಲವು ವಾರಗಳ ಆಟ. ಇನ್ನೊಂದು, ಟಿಎಸ್‌ಎಚ್ ಗ್ರಾಹಕಕ್ಕೆ (ಗ್ರಂಥಿಯಲ್ಲಿ ಟಿಎಸ್‌ಎಚ್ ಬಂದು ಕೂರುವ ಜಾಗ) ಅಂಟುವ ಪ್ರತಿಕಾಯಗಳದ್ದು: ಕೆಲವು ಗ್ರಂಥಿಯನ್ನು ಕೆರಳಿಸುತ್ತವೆ, ಕೆಲವು ತಡೆಯುತ್ತವೆ. ಯಾವುದರ ಕೈ ಮೇಲಾಗುತ್ತದೋ ರೋಗ ಆ ಕಡೆ ವಾಲುತ್ತದೆ.

ಈ ಎರಡನ್ನು ಬೇರ್ಪಡಿಸಲು ಟಿಎಸ್‌ಎಚ್ ಒಂದೇ ಸಾಲದು. ಫ್ರೀ ಟಿ4, ಟಿ3 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನುಗಳು), ಟಿಆರ್‌ಎಬಿ (ಮೇಲಿನ ಪ್ರತಿಕಾಯಗಳ ಪರೀಕ್ಷೆ) ಬೇಕು. ಗೊಂದಲ ಉಳಿದರೆ ಟೆಕ್ನೀಷಿಯಂ ಸ್ಕ್ಯಾನ್ (ಗ್ರಂಥಿ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ವಿಕಿರಣ ಚಿತ್ರ; ಬಸುರಿಯರಿಗೆ ಬೇಡ). ಸೋರಿಕೆಯಾದರೆ ಸ್ಕ್ಯಾನಿನಲ್ಲಿ ಗ್ರಂಥಿ ಮಂಕು, ಆಗ ಥೈರಾಯ್ಡ್ ತಗ್ಗಿಸುವ ಮಾತ್ರೆ ಕಾರ್ಬಿಮಜೋಲ್ ದಂಡ. ಅದು ಹೊಸ ಹಾರ್ಮೋನು ತಯಾರಾಗುವುದನ್ನು ತಡೆಯುತ್ತದೆಯೇ ಹೊರತು ಸೋರಿದ್ದನ್ನಲ್ಲ.

ಡೋಸ್ ಬದಲಿಸಿದ ಹದಿನೈದೇ ದಿನಕ್ಕೆ ಟಿಎಸ್‌ಎಚ್ ಮಾಡಿಸಿ ಗಾಬರಿಯಾಗುವವರೇ ಹೆಚ್ಚು. ಅದು ನೆಲೆಗೊಳ್ಳಲು ಸುಮಾರು ಆರು ವಾರ ಬೇಕು. ಈ ಓಲಾಟದಲ್ಲಿ ಫ್ರೀ ಟಿ4 ನಂಬಿ. ಥೈರಾಕ್ಸಿನ್ ಖಾಲಿ ಹೊಟ್ಟೆಗೆ, ಕಾಫಿಗೂ ಬೆಣ್ಣೆ ದೋಸೆಗೂ ಅರ್ಧದಿಂದ ಒಂದು ಗಂಟೆ ಮೊದಲು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ.

ಪದೇ ಪದೇ ಓಲಾಡಿದರೆ ಕಾರ್ಬಿಮಜೋಲ್, ಥೈರಾಕ್ಸಿನ್ ಎರಡೂ ಒಟ್ಟಿಗೆ ಕೊಡುವುದುಂಟು, ಇಲ್ಲವೇ ಗ್ರಂಥಿಯನ್ನೇ ತೆಗೆಯುತ್ತಾರೆ. ಕಾರ್ಬಿಮಜೋಲ್ ನುಂಗುವಾಗ ಜ್ವರ, ಗಂಟಲುನೋವು ಬಂದರೆ ಮಾತ್ರೆ ನಿಲ್ಲಿಸಿ ಅಂದೇ ಬಿಳಿರಕ್ತಕಣ ಎಣಿಸಿ.