ಮನೆಯಲ್ಲೇ ಉಳಿದ ಅಕ್ಕನ ಕಥೆ ಎಲ್ಲಿ?

ಪ್ರಶ್ನೆ: ಅಕ್ಕಾ, ಕ್ಷಮೆಯ ಬಗ್ಗೆ ಒಂದು ಕ್ರೈಸ್ತ ಕಾದಂಬರಿ ಬರೆಯುತ್ತಿದ್ದೇನೆ. ನಮ್ಮೂರಿನ ನೇಕಾರರ ಮನೆ. ಅಪ್ಪ, ಅವ್ವ, ಅಕ್ಕ, ತಮ್ಮ. ತಮ್ಮ ಅಪ್ಪನ ಮೇಲೆ ಕೇಸು ಹಾಕಿ, ಪಾಲು ಗೆದ್ದು ಮುಂಬೈಗೆ ಹೋಗುತ್ತಾನೆ. ಎಲ್ಲ ಕಳಕೊಂಡು ಕ್ರಿಸ್‌ಮಸ್ ಹಿಂದಿನ ರಾತ್ರಿ ವಾಪಸ್ ಬರುತ್ತಾನೆ. ಅಪ್ಪ ಅಪ್ಪಿಕೊಳ್ಳುತ್ತಾನೆ, ಕಥೆ ಮುಗಿಯುತ್ತದೆ. ಓದಿದ ಗೆಳತಿಯರು "ಚಂದ ಅದ, ಆದ್ರ ನಂಬಿಕಿ ಬರಂಗಿಲ್ಲ" ಅಂತಾರೆ. ಏನು ಕಡಿಮೆಯಾಗಿದೆ?
– ಹೆಸರು ಬೇಡ, ಬೆಟಗೇರಿ

ಉತ್ತರ: ತಂಗೀ, ಮೊದಲು ಆ ಕೇಸು ತೆಗೆದುಬಿಡಿ. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಅಂತ ಬರುವುದಿಲ್ಲ. ಅಪ್ಪ ಇರುವವರೆಗೆ ಅಪ್ಪನ ಆಸ್ತಿ ಅಪ್ಪನದೇ. ಇದರಿಂದ ನಿಮ್ಮ ಕಥೆಗೆ ಲಾಭವೇ ಜಾಸ್ತಿ. ಬೈಬಲ್ಲಿನ ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯಲ್ಲೂ ಕಿರಿಮಗ ಪಾಲು ಕೇಳಿದ, ಅಪ್ಪ ತಾನಾಗಿಯೇ ಹಂಚಿಕೊಟ್ಟ. ನಿಮ್ಮ ಅಪ್ಪನೂ ಮಗ್ಗ ಮಾರಿ ಮಗನ ಕೈಗೆ ರೊಕ್ಕ ಕೊಡಲಿ. ಉಳಿದ ಒಂದೇ ಮಗ್ಗದಲ್ಲಿ ಅಕ್ಕ ಸೀರೆ ನೇಯ್ದು ಮನೆ ನಡೆಸಲಿ.

ಆ ಅಕ್ಕನನ್ನೇ ನೀವು ಮರೆತಿದ್ದೀರಿ. ಲೂಕನು ಮರೆತಿಲ್ಲ, ನೋಡಿ. ಎಲ್ಲ ಕಳಕೊಂಡು ತಿರುಗಿ ಬಂದ ಕಿರಿಮಗನಿಗೆ ಒಳ್ಳೆಯ ನಿಲುವಂಗಿ, ಕೈಗೆ ಉಂಗುರ, ಕಾಲಿಗೆ ಜೋಡು. ಕೊಬ್ಬಿದ ಕರು ಕೊಯ್ದು ಔತಣ. ಅಷ್ಟು ಹೊತ್ತೂ ಹಿರಿಮಗ ಹೊಲದಲ್ಲೇ ಇದ್ದಾನೆ. ಅವನಿಗೆ ಹೇಳಿಕಳಿಸಿದ ಮಾತೇ ಅಲ್ಲಿಲ್ಲ! ಮನೆ ಹತ್ತಿರ ಬಂದಾಗ ಹಾಡು ಕುಣಿತ ಕೇಳಿ, ಏನಿದು ಅಂತ ಆಳಿನ ಹತ್ತಿರ ವಿಚಾರಿಸುತ್ತಾನೆ. ನನಗೆ ಒಂದು ಆಡಿನ ಮರಿಯನ್ನೂ ಕೊಟ್ಟವನಲ್ಲ ನೀನು ಅಂತ ಅಪ್ಪನ ಮೇಲೆ ಸಿಟ್ಟಾಗುತ್ತಾನೆ. ಅಪ್ಪ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಹಿರಿಮಗ ಒಳಗೆ ಹೋದನೋ ಇಲ್ಲವೋ, ಯೇಸು ಹೇಳುವುದೇ ಇಲ್ಲ. ನಿಮ್ಮ ಕಾದಂಬರಿ ಶುರುವಾಗಬೇಕಾದ ಜಾಗ ಅದು.

ಇದನ್ನು ಸುಮ್ನೆ ಹೇಳುತ್ತಿಲ್ಲ. ಮನೆ ಬಿಟ್ಟು ಹೋಗಿದ್ದ ನನ್ನ ಅಣ್ಣ, ಅಪ್ಪ ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ ನಮ್ಮ ಹುಬ್ಬಳ್ಳಿ ಮನೆಯ ಬಾಗಿಲಿಗೆ ಬಂದು ನಿಂತ. ಅವ್ವ ಅಳುತ್ತಲೇ ಅಪ್ಪನ ಹಿತ್ತಾಳೆ ತಾಟು ಕೆಳಗಿಳಿಸಿ, ಒರೆಸಿ, ಅವನ ಮುಂದಿಟ್ಟಳು. ಅಪ್ಪ ಹೋದ ಮೇಲೆ ಆ ತಾಟಿನಲ್ಲಿ ಯಾರೂ ಉಂಡಿರಲಿಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಂತುಹೋಯಿತು. ಹಂಚಿನ ಮೇಲಿದ್ದದ್ದು ಸೀದಿತು. ಅವ್ವನಿಗೆ ಆ ವಾಸನೆಯೂ ಬರಲಿಲ್ಲ.

ಊಟವಾದ ಮೇಲೆ ಅಣ್ಣ ಕ್ಷಮೆ ಕೇಳಿದ. ಆಯ್ತು ಅಂದೆ. ಒಳಗೆ ಸಿಟ್ಟು ಹಾಗೇ ಇತ್ತು. ಆಮೇಲೊಂದು ಸಂಜೆ ಪಕ್ಕದಲ್ಲಿ ಬಂದು ಕೂತು, "ಅಪ್ಪನ ಔಷಧಕ್ಕ ಯಾರ ಕಡೆ ಸಾಲ ಮಾಡಿದ್ದಿ? ಇನ್ನೂ ಎಷ್ಟು ತೀರಿಸೋದು ಅದ?" ಅಂತ ಕೇಳಿದ. ಸೊಸೈಟಿಯ ಪಾಸ್‌ಬುಕ್, ಕಿರಾಣಿ ಅಂಗಡಿಯ ಉದ್ರಿ ಚೀಟಿ ಎಲ್ಲ ತಂದಿಟ್ಟೆ. ಒಂದೊಂದೇ ಹಾಳೆ ತಿರುವಿ ನೋಡಿದ. ನನ್ನ ಸಿಟ್ಟು ಇಳಿಯತೊಡಗಿದ್ದು ಆವಾಗ. ನಾನಿಲ್ಲದಾಗ ನೀನು ಏನೇನು ಹೊತ್ತೆ ಅಂತ ಅವನು ಕೇಳಬೇಕಿತ್ತು, ಕೇಳಿದ.

ನಿಮ್ಮ ತಮ್ಮನ ಬಾಯಲ್ಲಿ ಅಂಥ ಒಂದು ಪ್ರಶ್ನೆ ಬರಲಿ, ತಂಗೀ. ಅದಕ್ಕೂ ಮುಂಚೆ ಅಕ್ಕ ಸಾವಕಾರರಿಗೆ ಸೀರೆ ಕೊಟ್ಟು, ಕೂಲಿ ಎಣಿಸಿಕೊಂಡು ಬರುತ್ತಿರಲಿ. ತಮ್ಮ ಬಂದ ಸುದ್ದಿ ಓಣಿಯಲ್ಲಿ ಕ್ಯಾರಲ್ ಹಾಡುವ ಹುಡುಗರಿಂದ ಅವಳಿಗೆ ಗೊತ್ತಾಗಲಿ. ಅಪ್ಪ ಹೊಸ್ತಿಲು ದಾಟಿ ಅವಳ ಹತ್ತಿರವೂ ಬರಲಿ. ಅಪ್ಪಿಕೊಳ್ಳುವ ದೃಶ್ಯ ಅರ್ಧ ಪುಟ ಸಾಕು.

ಇನ್ನೊಂದು ಮಾತು. ಅಪ್ಪ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ಅದೇ ಕಾಯ್ದೆ ಪ್ರಕಾರ ಅವ್ವನಿಗೆ ಮೂರರಲ್ಲಿ ಒಂದು ಭಾಗ. ಉಳಿದದ್ದು ಗಂಡು ಹೆಣ್ಣು ಅನ್ನದೆ ಮಕ್ಕಳಿಗೆ ಸಮ. ಮೊದಲೇ ತಗೊಂಡು ಹೋದದ್ದನ್ನು ಕಾಯ್ದೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ ಅಕ್ಕ ಉಳಿಸಿದ ಮನೆಯಲ್ಲಿ ತಮ್ಮನಿಗೆ ಮತ್ತೆ ಸಮಪಾಲು! ಆ ಪಾಲಿನ ಕಾಗದದ ಮುಂದೆ ಅಕ್ಕ, ತಮ್ಮ ಇಬ್ಬರೂ ಕೂತಾಗ ಏನು ಮಾತಾಡುತ್ತಾರೆ? ಆ ಅಧ್ಯಾಯ ಬರೆದು ಕಳಿಸಿ. ಖಂಡಿತ ಓದುತ್ತೇನೆ.