ಆರೋಗ್ಯ ಪ್ರಶ್ನೋತ್ತರ: ಗಂಟು ಕುತ್ತಿಗೆಯಲ್ಲಿ, ಮೂಲ ಗಂಟಲಲ್ಲಿ?

ಪ್ರಶ್ನೆ: ನಮ್ಮ ತಂದೆಗೆ 56 ವರ್ಷ, ಬೀಡಿ ಸೇದುತ್ತಾರೆ. ಎರಡು ತಿಂಗಳಿಂದ ಬಲ ದವಡೆಯ ಕೆಳಗೆ ನೋವಿಲ್ಲದ ಗಂಟು. ಸೂಜಿ ಪರೀಕ್ಷೆಯಲ್ಲಿ ‘ನೀರುಗಂಟು, ಕ್ಯಾನ್ಸರ್ ಕೋಶಗಳಿಲ್ಲ’ ಎಂದು ಬಂದಿದೆ. ಗಂಟನ್ನೇ ತೆಗೆದು ಬಯಾಪ್ಸಿಗೆ ಕಳಿಸೋಣ ಎನ್ನುತ್ತಿದ್ದಾರೆ. ಒಪ್ಪಬಹುದೇ?
– ಓದುಗರು, ಹಾಸನ

ಉತ್ತರ: ಈಗಲೇ ಬೇಡ. ನಲವತ್ತು ದಾಟಿದವರ ಕುತ್ತಿಗೆಯ ಗಂಟು ಮೂರು ವಾರವಾದರೂ ಕರಗದಿದ್ದರೆ ಮೊದಲು ಗಂಟಲು ನೋಡಬೇಕು. ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕ್ಯಾನ್ಸರ್ ಎಷ್ಟೋ ಸಲ ಗಂಟಲಲ್ಲಿ ಸುಳಿವೇ ಕೊಡದೆ ಇದೇ ಜಾಗದ ದುಗ್ಧರಸ ಗ್ರಂಥಿಗೆ ಇಳಿದಿರುತ್ತದೆ. ಅಂಥ ಗ್ರಂಥಿಯೊಳಗೆ ದ್ರವ ತುಂಬಿಕೊಳ್ಳುವುದೂ ಉಂಟು. ಕ್ಯಾನ್ಸರ್ ಕೋಶಗಳಿರುವುದು ಅದರ ಗೋಡೆಯಲ್ಲಿ. ಸೂಜಿಗೆ ಬರೀ ದ್ರವ ಸಿಕ್ಕರೆ ವರದಿ ನೆಗೆಟಿವ್ ಬರುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಗಟ್ಟಿ ಭಾಗಕ್ಕೇ ಸೂಜಿ ಹಾಕಿಸಿ, ಪರೀಕ್ಷೆ ಮತ್ತೊಮ್ಮೆ ಆಗಲಿ. ಟಿಬಿ ಅನುಮಾನವಿದ್ದರೆ ಅದೇ ಮಾದರಿಯನ್ನು ಟಿಬಿ ರೋಗಾಣುವಿನ ವಂಶವಾಹಿ ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೂ ಕಳಿಸಬಹುದು. ಪುರಾವೆಯಿಲ್ಲದೆ ಟಿಬಿ ಮಾತ್ರೆ ಶುರುಮಾಡಿ ತಿಂಗಳುಗಟ್ಟಲೆ ಕಳೆಯುವುದು ನಮ್ಮಲ್ಲಿ ತೀರಾ ಮಾಮೂಲಾಗಿಬಿಟ್ಟಿದೆ.

ಜೊತೆಗೇ ಇಎನ್‌ಟಿ ವೈದ್ಯರು ಮರಗಟ್ಟಿಸುವ ಔಷಧ ಹಾಕಿ, ಮೂಗಿನ ಮೂಲಕ ತೆಳು ಸ್ಕೋಪ್ ಇಳಿಸಿ ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗೆ ನೋಡಬೇಕು. ಕೆಲವೇ ನಿಮಿಷದ ಕೆಲಸ. ಆದರೆ ಮೇಲ್ಪದರ ನುಣ್ಣಗಿದ್ದು ಒಳಗೆ ಗಡ್ಡೆ ಇದ್ದರೆ ಸ್ಕೋಪ್‌ಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ಟಾನ್ಸಿಲ್ ಮತ್ತು ನಾಲಿಗೆಯ ಬುಡವನ್ನು ಒತ್ತಿ ನೋಡದ ಪರೀಕ್ಷೆ ಅರ್ಧ ಪರೀಕ್ಷೆಯೇ. ಕಿವಿ ಸರಿಯಿದ್ದೂ ಒಂದೇ ಕಡೆ ಕಿವಿನೋವಿದ್ದರೆ ತಪ್ಪದೆ ಹೇಳಿ. ಗಂಟಲ ನೋವನ್ನು ಒಯ್ಯುವ ನರದ ಕವಲೊಂದು ಕಿವಿಗೂ ಹೋಗುತ್ತದೆ.

ಮುಂದಿನದು ತಲೆಬುರುಡೆಯ ತಳದಿಂದ ಕೊರಳೆಲುಬಿನವರೆಗೆ ಕಾಂಟ್ರಾಸ್ಟ್ ಸಿಟಿ, ಅಂದರೆ ರಕ್ತನಾಳಕ್ಕೆ ಬಣ್ಣದ ಔಷಧ ಕೊಟ್ಟು ಮಾಡುವ ಸ್ಕ್ಯಾನ್. ಅದಕ್ಕೆ ಮೊದಲು ಮೂತ್ರಪಿಂಡ ಸರಿಯಿದೆಯೇ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ನಾಲಿಗೆಯ ಬುಡಕ್ಕೆ ಎಂಆರ್‌ಐ ಹೆಚ್ಚು ಸ್ಪಷ್ಟ. ಗಂಟಿನಲ್ಲಿ ಕ್ಯಾನ್ಸರ್ ಖಚಿತವಾಗಿಯೂ ಮೂಲ ಸಿಗದಿದ್ದರೆ, ಚುರುಕಾದ ಕೋಶಗಳು ಹೊಳೆದು ಕಾಣುವ ಪೆಟ್ ಸ್ಕ್ಯಾನ್ ಮಾಡಿಸಿ, ಆದರೆ ಗಂಟಲಿನ ಬಯಾಪ್ಸಿಗೆ ಮೊದಲೇ. ಬಯಾಪ್ಸಿಯ ಹಸಿ ಗಾಯವೂ ಸ್ಕ್ಯಾನ್‌ನಲ್ಲಿ ಹೊಳೆದು ದಾರಿ ತಪ್ಪಿಸುತ್ತದೆ.

ಇಷ್ಟಾದರೂ ಉತ್ತರ ಸಿಗದಿದ್ದರೆ ಮಾತ್ರ ಗಂಟಿಗೆ ಕತ್ತರಿ. ಮೊದಲೇ ಕೊಯ್ದರೆ ಕೋಶಗಳು ಚೆಲ್ಲಬಹುದು, ಪದರಗಳು ಅಂಟಿಕೊಂಡು ಮುಂದಿನ ಶಸ್ತ್ರಚಿಕಿತ್ಸೆ ಕಷ್ಟವಾಗುತ್ತದೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಟಾನ್ಸಿಲ್ ಕ್ಯಾನ್ಸರ್, ಗಡ್ಡೆ 3 ಸೆಂ.ಮೀ., ಅದೇ ಕಡೆ ಎರಡು ಸಣ್ಣ ಗ್ರಂಥಿಗಳು. ಒಬ್ಬ ವೈದ್ಯರು ನಾಲ್ಕನೇ ಹಂತ ಎಂದರು, ಇನ್ನೊಬ್ಬರು ಮೊದಲನೆಯದು ಎಂದರು. ಯಾರನ್ನು ನಂಬುವುದು?
– ಓದುಗರು, ಶಿವಮೊಗ್ಗ

ಉತ್ತರ: ಪಿ16 ವರದಿ ಕೇಳಿ. ಎಚ್‌ಪಿವಿ ವೈರಸ್‌ನಿಂದ ಬಂದ ಕ್ಯಾನ್ಸರೇ ಎಂದು ತಿಳಿಯಲು ಬಯಾಪ್ಸಿಯ ಮೇಲೆ ಮಾಡುವ ಪರೀಕ್ಷೆ ಅದು. ಕನಿಷ್ಠ 70% ಕೋಶಗಳು ಗಾಢವಾಗಿ ಬಣ್ಣ ಹಿಡಿದರೆ ಪಾಸಿಟಿವ್. ಪಾಸಿಟಿವ್ ಆದರೆ ಇದೇ ಅಳತೆಗೆ ಮೊದಲ ಹಂತ, ನೆಗೆಟಿವ್ ಆದರೆ ನಾಲ್ಕನೆಯದು. ಎರಡಕ್ಕೂ ಬೇರೆ ಬೇರೆ ಕೋಷ್ಟಕಗಳಿವೆ. ಆದರೆ ‘ಮೊದಲ ಹಂತ’ ಎಂದೊಡನೆ ಚಿಕಿತ್ಸೆ ಕಡಿಮೆಯಾಗುವುದಿಲ್ಲ. ಆಸ್ಪತ್ರೆ ಬದಲಿಸುವಾಗ ಸ್ಲೈಡ್ ಜೊತೆ ಪ್ಯಾರಾಫಿನ್ ಬ್ಲಾಕನ್ನೂ (ಬಯಾಪ್ಸಿ ತುಣುಕನ್ನು ಮೇಣದಲ್ಲಿ ಕೂಡಿಸಿಟ್ಟ ಅಚ್ಚು) ಕೇಳಿ ಪಡೆಯಿರಿ. ಬ್ಲಾಕ್ ಇಲ್ಲದೆ ಹೊಸ ಪರೀಕ್ಷೆ ಮಾಡಿಸಲು ಹೋಗಿ ಬಯಾಪ್ಸಿಯನ್ನೇ ಮತ್ತೆ ಮಾಡಬೇಕಾದೀತು.

ಪ್ರಶ್ನೆ: ಗಂಟಲ ಕ್ಯಾನ್ಸರ್‌ಗೆ ಕೊಡುವ ರೇಡಿಯೇಷನ್‌ಗೆ ಮೊದಲು ದಂತವೈದ್ಯರ ಬಳಿ ಕಳಿಸಿದ್ದಾರೆ. ಅಗತ್ಯವೇ?
– ಓದುಗರು, ಗದಗ

ಉತ್ತರ: ಅಗತ್ಯ. ಉಳಿಯದ ಹಲ್ಲುಗಳನ್ನು ಸುಮಾರು ಎರಡು ವಾರ ಮೊದಲೇ ಕೀಳಿಸಬೇಕು. ರೇಡಿಯೇಷನ್ ಬಿದ್ದ ದವಡೆಯಲ್ಲಿ ರಕ್ತಸಂಚಾರ ಕುಗ್ಗಿರುತ್ತದೆ. ಆಮೇಲೆ ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯಬಹುದು. ಜೊತೆಗೆ ಕಿವಿಯ ಶಕ್ತಿ ಕುಗ್ಗಿಸಬಲ್ಲ ಕೀಮೋ ಔಷಧ ಸಿಸ್‌ಪ್ಲಾಟಿನ್ ಕೊಡುವುದಿದ್ದರೆ, ಕೇಳುವ ಶಕ್ತಿ ಅಳೆಯುವ ಆಡಿಯೋಗ್ರಾಮ್ ಪರೀಕ್ಷೆ ಮುಂಚೆಯೇ ಮಾಡಿಸಿಡಿ.