ಮಲೇರಿಯಾ ಪರಾವಲಂಬಿಗೆ ತಾನೆಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ?

ಕಣ್ಣಿಲ್ಲ, ಮೂಗಿಲ್ಲ, ಇರೋದೇ ಒಂದು ಜೀವಕೋಶ. ಹಾಗಿರುವಾಗ ಮನುಷ್ಯನ ರಕ್ತ ಬಿಟ್ಟು ಸೊಳ್ಳೆ ಹೊಟ್ಟೆ ಸೇರಿದ್ದು ಅದಕ್ಕೆ ಹೇಗೆ ತಿಳಿಯುತ್ತದೆ ಅಂತ ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ಲ್ಯಾಬ್ ಟೆಕ್ನಿಷಿಯನ್, ರಕ್ತದ ಸ್ಲೈಡ್ ನೋಡುವುದೇ ಕೆಲಸ.

ಮೊದಲ ಸುಳಿವು ತಂಪು. ನಮ್ಮ ರಕ್ತ 37 ಡಿಗ್ರಿ. ಅದರಲ್ಲಿ ಗ್ಯಾಮಿಟೊಸೈಟ್ ಅನ್ನುವ ಗಂಡು, ಹೆಣ್ಣು ರೂಪಗಳು ಸುಮ್ನೆ ಕಾಯುತ್ತಿರುತ್ತವೆ. ಫಾಲ್ಸಿಪಾರಂ ಅನ್ನುವ ಮಲೇರಿಯಾ ಜಾತಿಯದಾದರೆ ಬಾಳೆಹಣ್ಣಿನ ಆಕಾರ, ಒಮ್ಮೆ ನೋಡಿದರೆ ಮರೆಯಲ್ಲ. ಸೊಳ್ಳೆ ರಕ್ತ ಹೀರಿದ ಕೂಡಲೇ ಶಾಖ ಐದು ಡಿಗ್ರಿಯಷ್ಟು ಇಳಿಯುತ್ತದೆ. ಅಷ್ಟಕ್ಕೇ ಅದು ನಂಬುವುದಿಲ್ಲ. ಸೊಳ್ಳೆಯ ಕಣ್ಣಿನ ಬಣ್ಣ ತಯಾರಾಗುವಾಗ ಕ್ಸ್ಯಾಂಥುರೆನಿಕ್ ಆಮ್ಲ ಅಂತ ಒಂದು ಹುಟ್ಟುತ್ತದೆ, ಅದು ತಾಗಬೇಕು, ಇಲ್ಲವೇ ಸುತ್ತಲಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.4ರಿಂದ 8ರ ಹತ್ತಿರ ಏರಬೇಕು. ತಂಪಿನ ಜೊತೆ ಇದೂ ಸೇರಿತೋ, ಕೆಲವೇ ಸೆಕೆಂಡಿನಲ್ಲಿ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಗಂಡು ಕೋಶ ತನ್ನ ಡಿಎನ್‌ಎಯನ್ನು ಮೂರು ಸಲ ನಕಲು ಮಾಡಿಕೊಂಡು ಕಾಲು ಗಂಟೆ ಆಸುಪಾಸಿನಲ್ಲಿ ಬಾಲವಿರುವ ಎಂಟು ಗಂಡು ಬೀಜಾಣುಗಳನ್ನು ಹೊರಗೆ ಬಿಡುತ್ತದೆ.

ಇದರಲ್ಲಿ ಒಂದು ತಮಾಷೆಯಿದೆ. 1880ರಲ್ಲಿ ಅಲ್ಜೀರಿಯಾದಲ್ಲಿ ಲವೆರಾನ್ ಅನ್ನುವ ಫ್ರೆಂಚ್ ವೈದ್ಯ ರೋಗಿಯ ಹಸಿ ರಕ್ತದಲ್ಲಿ ಕಂಡದ್ದು ಈ ಬಾಲಗಳ ಕುಣಿತವನ್ನೇ. ಅಲ್ಲಿ ಸೊಳ್ಳೆಯೇ ಇರಲಿಲ್ಲ! ಗಾಜಿನ ಮೇಲೆ ಬಿದ್ದ ರಕ್ತ ತಣ್ಣಗಾಗುತ್ತದೆ, ಅದರ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗಿ ಪಿಎಚ್ ಏರುತ್ತದೆ. ಸೊಳ್ಳೆ ಹೊಟ್ಟೆ ಸೇರಿದೆ ಅಂದುಕೊಂಡು ಪರಾವಲಂಬಿ ಮೋಸಹೋಗಿ ಸಿಕ್ಕಿಬಿತ್ತು. ನಮಗೆ ಆ ಭಾಗ್ಯವಿಲ್ಲ, ನಾವು ರಕ್ತದ ಹನಿ ಒಣಗಿಸಿ ಜೆಎಸ್‌ಬಿ ಬಣ್ಣ ಹಾಕಿ ನೋಡುವವರು, ಅಷ್ಟೊತ್ತಿಗೆ ಎಲ್ಲ ಸತ್ತಿರುತ್ತವೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಹಸಿ ಸ್ಲೈಡ್ ಇಟ್ಟರೂ ಅದು ತಣ್ಣಗಾಗೋದು ಅಷ್ಟರಲ್ಲೇ ಇದೆ, ಬಿಡಿ.

ರಕ್ತದೊಳಗೂ ಅದು ಸುಮ್ಮನಿರುವುದಿಲ್ಲ. ಕೆಂಪು ರಕ್ತಕಣದೊಳಗೆ ಪೊಟ್ಯಾಸಿಯಂ ಜಾಸ್ತಿ, ಹೊರಗೆ ಕಡಿಮೆ. ಕಣ ಒಡೆದು ಹೊರಬಿದ್ದಾಗ ಈ ಇಳಿತವೇ ಮುಂದಿನ ಕಣಕ್ಕೆ ನುಗ್ಗಲು ಸೂಚನೆ ಅಂತ ಕೆಲವು ಸಂಶೋಧಕರು ಹೇಳುತ್ತಾರೆ, ಎಲ್ಲರೂ ಒಪ್ಪಿಲ್ಲ. ಇನ್ನು ಲೈಸೊಫಾಸ್ಫಟಿಡಿಲ್‌ಕೋಲಿನ್ ಅನ್ನುವ ಕೊಬ್ಬಿನಂಶ ರಕ್ತದಲ್ಲಿ ಕಡಿಮೆಯಾದರೆ ಫಾಲ್ಸಿಪಾರಂ ಹೆಚ್ಚು ಗ್ಯಾಮಿಟೊಸೈಟ್ ಮಾಡತೊಡಗುತ್ತದೆ ಅಂತ 2017ರಲ್ಲಿ ತೋರಿಸಿದರು. ಇಲ್ಲಿ ಮೇವು ಮುಗೀತಾ ಬಂತು, ಗಂಟುಮೂಟೆ ಕಟ್ಟು ಅನ್ನುವ ಲೆಕ್ಕ.

"ಜ್ವರಾ ಹೋತಲ್ರಿ, ಮತ್ಯಾಕ್ರಿ ಗುಳಿಗಿ" ಅಂತ ಇಲ್ಲಿ ಬಹಳ ಮಂದಿ ಕೇಳುತ್ತಾರೆ. ಜ್ವರ ಬರಿಸುವವು ಬೇರೆ ರೂಪಗಳು. ಅವು ಸತ್ತ ಮೇಲೂ ಗ್ಯಾಮಿಟೊಸೈಟ್‌ಗಳು ವಾರಗಟ್ಟಲೆ ಉಳಿಯಬಹುದು, ಫಾಲ್ಸಿಪಾರಂ ಬಂದವರಿಗೆ ಪ್ರೈಮಾಕ್ವಿನ್ ಗುಳಿಗೆ ಕೊಡುವುದು ಅವುಗಳನ್ನು ಕೊಲ್ಲಲು, ಸೊಳ್ಳೆಯ ಮೂಲಕ ಇನ್ನೊಬ್ಬರಿಗೆ ಹರಡದಿರಲಿ ಅಂತ.